ನೀಲಗಾರ ರಾಚಪ್ಪಗ ಮಂದಿ ಹುಡುಕಿದ ಫಕೀರವ್ವ

ಬರ್ರಿ, ಬರ್ರಿ, ಹತ್ರ ಸರೀರಿ. ನನ್ನ ಗಂಟಲು ಕಟ್ಟೈತಿ, ಹಿಂದ ಕುಂತೋರಿಗೆ ದನಿ ಮುಟ್ಟಾಂಗಿಲ್ಲ. ಹ್ಞೂಂ ಅನ್ನಾಕ ಒಬ್ಬರು ತಯಾರಾಗ್ರಿ. ಹ್ಞೂಂ ಅನ್ನೋರಿಲ್ಲದಿದ್ರ ಈ ಕತಿ ನನ್ನ ಕೈಲೆ ಹೇಳಾಕ ಆಗಾಂಗಿಲ್ಲ, ಅಂಥಾ ಕತಿ ಐತಿ ಇದು.

ಹಿಂದಕ್ಕ, ಊರಿಗೆ ಹೆಸರಿಡೋ ರೂಢಿ ಹುಟ್ಟೋಕಿಂತ ಹಿಂದಕ್ಕ, ಒಂದು ಗುಡ್ಡದ ಬುಡಕ ಒಂದು ಊರಿತ್ತು. ಎಷ್ಟು ಮನಿ? ಎಂಬತ್ತು ಮನಿ. ಆ ಊರಾಗ ಗುರುಪಾದಯ್ಯ ಅಂತ ಒಬ್ಬ ವೈದ್ಯ ಇದ್ದ. ಭಾಳ ವಯಸ್ಸಾದಂವ. ಬ್ಯಾನಿ ಅಂತ ಯಾರ ಬಂದ್ರೂ ನಾಡಿ ಹಿಡದು ಮೂರು ಮಾತು ಕೇಳ್ತಿದ್ದ. "ಏನುಂಡಿ?" ಅಂತಿದ್ದ. "ನಿದ್ದಿ ಬಂತೋ?" ಅಂತಿದ್ದ. ಆಮ್ಯಾಲ, "ನಿನ್ನೆ ಯಾರ ಕೂಡ ಮಾತಾಡಿದಿ?" ಅಂತಿದ್ದ.

ಮೊದಲಿನ ಎರಡು ಮಾತು ಯಾವ ವೈದ್ಯ ಬೇಕಾದ್ರೂ ಕೇಳ್ತಾನ. ಮೂರನೇದು ಕೇಳಾಂವ ಇಂವ ಒಬ್ಬನ. ಆ ಮೂರನೇ ಮಾತಿಗೆ ಬ್ಯಾನಿಯವರು ಬಾಯಿ ಬಿಡದ ಕುಂತ್ರ ಔಷಧದ ಪೆಟ್ಟಿಗಿ ಮುಚ್ಚಿಬಿಡ್ತಿದ್ದ. ಮುಚ್ಚಿ, ಅಂಗಳದ ಕಡೆ ಮಾರಿ ಮಾಡಿ, "ಏ ಫಕೀರವ್ವಾ!" ಅಂತ ಕೂಗ್ತಿದ್ದ.

ಯಾರು ಈ ಫಕೀರವ್ವ? ಕೇಳ್ರಿ. ಗಂಡ ಇಲ್ಲ, ಮಕ್ಕಳಿಲ್ಲ, ಬಲಗಾಲು ಒಂಚೂರು ಎಳಿತಿತ್ತು. ವೈದ್ಯನ ಅಂಗಳ ಕಸ ಹೊಡಿಯಾಕ ಬಂದಾಕಿ ಅಲ್ಲೇ ಉಳದ್ಲು. ಅಕಿ ಕೆಲಸ ಏನಂದ್ರ ನಡಿಯೋದು. ಬ್ಯಾನಿಯವರ ಕೈ ಹಿಡದು ಎಲ್ಲಿ ಮಂದಿ ಇರ್ತಾರೋ ಅಲ್ಲಿಗೆ ಕರ್ಕೊಂಡ್ ಹೋಗೋದು. ಕೂಡ್ರಸೋದು. ಅರ್ಧ ದಿನ ತಾನೂ ಪಕ್ಕದಾಗ ಕುಂಡ್ರೋದು. ಮೂರು ದಿನ ಬಿಟ್ಟು ಹೊಳ್ಳಿ ಹೋಗಿ ನೋಡೋದು. ಇಷ್ಟ.

ಇದೂ ಒಂದು ಔಷಧ ಏನು ಅಂತ ನಗಬ್ಯಾಡ್ರಿ. ದೂರದ ಊರಿಂದ ಬಂದ ಒಬ್ಬ ಸೊಸಿಗೆ ತುತ್ತು ಗಂಟಲಾಗ ಇಳೀವಲ್ದಾಗಿತ್ತು. ಮೈ ಒಣಗಿ ಕಟ್ಟಿಗಿ ಆಗಿತ್ತು. ಫಕೀರವ್ವ ಅಕಿನ್ನ ಶಾವಿಗಿ ಹೊಸಿಯೋ ಹೆಂಗಸರ ನಡುವ ಕೂಡ್ರಿಸಿ ಬಂದ್ಲು. ಎಂಟು ದಿನ ಆತು, ಹುಡುಗಿ ತಾನ ತಟ್ಟಿ ಮುಂದ ಚಾಚಿ "ಇನ್ನೊಂದು ರೊಟ್ಟಿ ಹಾಕ್ರಿ" ಅಂದ್ಲು. ಹಿಂಗ ಇಪ್ಪತ್ತು ವರ್ಷ ನಡದಾಳ ಫಕೀರವ್ವ. ಎಷ್ಟು ಮಂದಿನ್ನ ಮುಟ್ಟಿಸ್ಯಾಳ ಅನ್ನೋದು ಅಕಿಗೇ ನೆನಪಿಲ್ಲ.

ಆದ್ರ ಆ ಊರು ಹಂಗ ಉಳೀಲಿಲ್ಲ. ಹ್ಞೂಂ ಅನ್ರೆಪ್ಪಾ.

ಏನಾತು? ಜಗಳ ಆತೇನು? ಇಲ್ಲ. ಬ್ಯಾನಿ ಬಡೀತೇನು? ಇಲ್ಲ. ಮನಿಗೊಂದು ಬಾವಿ ತೋಡಿದ್ರು. ಮನಿಗೊಂದು ಬೀಸೋ ಕಲ್ಲು ತಂದ್ರು. ಅಂಗಳದ ಗ್ವಾಡಿ ವರ್ಷಕ್ಕೊಂದು ಮೊಳ ಎತ್ತರ ಮಾಡಿದ್ರು. ದಾರ್ಯಾಗ ಎದುರಾದ್ರ "ಆರಾಮ?" ಅಂತಿದ್ರು, ಉತ್ತರ ಬರೋದ್ರಾಗ ನಾಕು ಹೆಜ್ಜಿ ಮುಂದ ಹೋಗಿರ್ತಿದ್ರು. ಫಕೀರವ್ವ ಮೊದಲು ಒಂದ ಓಣಿ ತಿರುಗಿ ಬ್ಯಾನಿಯವರನ್ನ ಒಂದು ಕಡೆ ಮುಟ್ಟಿಸ್ತಿದ್ಲು. ಈಗ ಊರೆಲ್ಲ ತಿರಗಬೇಕಾತು.

ಇಂಥಾ ಹೊತ್ತಿನ್ಯಾಗ ರಾಚಪ್ಪನ ಸರದಿ ಬಂತು.

ರಾಚಪ್ಪ ನೀಲಗಾರಂವ. ನೂಲಿಗೆ ಬಣ್ಣ ಹಾಕಾಂವ. ಇಡೀ ಸೀಮ್ಯಾಗ ಅವನಂಥ ನೀಲಿ ಯಾರಿಗೂ ಬರ್ತಿರ್ಲಿಲ್ಲ. ಮೊಣಕೈ ತನಕ ಕೈ ನೀಲಿ, ಉಗುರು ನೀಲಿ. ಇನ್ನೂ ಮೂವತ್ತೈದು ದಾಟಿರಲಿಲ್ಲ. ಹೆಂಡತಿ ಕಲ್ಲವ್ವ ಹಡಿಯಾಕ ಕುಂತಾಕಿ ಏಳಲಿಲ್ಲ. ಕೂಸೂ ಉಳೀಲಿಲ್ಲ. ಆವತ್ತು ಅಂವ ಬಣ್ಣ ಕಲಸೋ ದೊಡ್ಡ ಮಣ್ಣಿನ ಹರವಿ ಮುಚ್ಚಿ ಬಂದು ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ. ನೀಲಿ ಹರವಿ ದಿನಾ ತಿರುವಬೇಕು, ತಿರುವಲಿಲ್ಲಂದ್ರ ಕೊಳೀತೈತಿ. ಕೊಳೀತು. ಓಣಿ ತುಂಬ ನಾತ ಬಂತು. ಮಂದಿ ಮೂಗು ಮುಚ್ಚಿಕೊಂಡು ದಾಟಿ ಹೋದ್ರು. "ಏನಪಾ ಇದು?" ಅಂತ ಒಳಗ ಇಣುಕಿದಾಕಿ ಫಕೀರವ್ವ ಒಬ್ಬಾಕಿ.

ಎಬ್ಬಿಸಿಕೊಂಡು ವೈದ್ಯನ ಹತ್ರ ಕರ್ಕೊಂಡ್ ಬಂದ್ಲು. ಗುರುಪಾದಯ್ಯ ನಾಡಿ ಹಿಡದ. "ಏನುಂಡಿ?" ಮಾತಿಲ್ಲ. "ನಿದ್ದಿ ಬಂತೋ?" ಮಾತಿಲ್ಲ. "ನಿನ್ನೆ ಯಾರ ಕೂಡ ಮಾತಾಡಿದಿ?" ರಾಚಪ್ಪ ತಲಿ ಎತ್ತಿ ನೋಡಿದ. ಕಣ್ಣಾಗ ನೀರೂ ಇಲ್ಲ.

"ಫಕೀರವ್ವಾ," ಅಂದ ವೈದ್ಯ, "ಇವಗ ಮಂದಿ ಬೇಕು. ಲಗೂನ ಬೇಕು. ನಾಡಿ ತಳಕ್ಕ ಇಳದೈತಿ."

ಮೊದಲನೇ ದಿನ ಫಕೀರವ್ವ ಅವನ್ನ ನೇಕಾರ ಓಣಿಗೆ ಕರ್ಕೊಂಡ್ ಹೋದ್ಲು. ಅಲ್ಲಿ ಸಾಂತವ್ವ ಅನ್ನಾಕಿ ದೊಡ್ಡಾಕಿ. ಅಕಿ ಪಡಸಾಲ್ಯಾಗ ಹತ್ತು ಮಂದಿ ಕುಂತು ರಾಟಿ ತಿರುವ್ತಿದ್ರು.

"ಎಕ್ಕಾ," ಅಂದ್ಲು ಫಕೀರವ್ವ, "ಒಂದು ಮೂಲ್ಯಾಗ ಇಂವ ಕುಂದರ್ತಾನ. ಕೆಲಸ ಕೊಡಬ್ಯಾಡ್ರಿ, ಕೂಲಿ ಕೊಡಬ್ಯಾಡ್ರಿ. ನಿಮ್ಮ ಮಾತು ಕಿವಿಗೆ ಬಿದ್ರ ಸಾಕು."

ಸಾಂತವ್ವ ಕೆಟ್ಟಾಕಿ ಅಲ್ಲ, ತಿಳೀತ? ರಾಚಪ್ಪನ ಮಾರಿ ನೋಡಿದ್ಲು, ಅಕಿಗೂ ಕರುಳು ಚುರ್ ಅಂತು. ಆದ್ರ ಏನಂದ್ಲು? "ಮನ್ಯಾಗ ಮದುವಿ ಐತೆವ್ವ. ಬಸರಿ ಹೆಣ್ಣುಮಕ್ಕಳು ಕುಂತಾರ. ಹೆಂಡತಿ ಹೋದಂವ ಎದುರಿಗೆ ಕುಂತ್ರ ಅವಕ್ಕ ಅಂಜಿಕಿ. ಮದುವಿ ಮುಗೀಲಿ, ಕರ್ಕೊಂಡ್ ಬಾ."

ರಾಚಪ್ಪ ಕೇಳಿಸ್ಕೊಂಡ. ಹೊಳ್ಳಿ ನಡದ.

ಎರಡನೇ ದಿನ ಭಜನಿ ಮನಿಗೆ ಹೋದ್ಲು. ಅಡಿವೆಪ್ಪ ಅನ್ನಾಂವ ಅಲ್ಲಿ ಹಾಡೋರ ಮುಂದಾಳು. ಫಕೀರವ್ವ ರಾಚಪ್ಪನ ಕೈಯಾಗ ತಾಳ ಕೊಟ್ಲು. ಅಂವ ಹಿಡ್ಕೊಂಡ, ಬಡೀಲಿಲ್ಲ. ಹಾಡು ಸುರುವಾತು. ಎಲ್ಲಾರ ತಾಳ ಮ್ಯಾಲೇಳ್ತಾವ, ಇವನ ತಾಳ ತೊಡಿ ಮ್ಯಾಲ ಬಿದ್ದೈತಿ. ಎರಡು ಹಾಡು ಆದಮ್ಯಾಲ ಅಡಿವೆಪ್ಪ ಹಾಡು ನಿಲ್ಲಿಸಿದ.

"ಫಕೀರವ್ವ, ತಪ್ಪು ತಿಳಕೋಬ್ಯಾಡ. ಇವನ್ನ ನೋಡಿದ್ರ ನನ್ನ ದನಿ ಒಳಗ ಹೊಂಟೈತಿ. ಒಂಚೂರು ಆರಾಮ ಆಗ್ಲಿ, ಆಮ್ಯಾಲ ಬರ್ಲಿ."

"ಆರಾಮ ಆಗಾಕ ಕರ್ಕೊಂಡ್ ಬಂದೀನೋ ಯಪ್ಪಾ!"

"ಆರಾಮ ಆಗಿ ಬರ್ಲಿ," ಅಂದ ಅಡಿವೆಪ್ಪ, ಮೆಲ್ಲಗ.

ರಾಚಪ್ಪ ತಾಳ ಕೆಳಗಿಟ್ಟ. ಸಪ್ಪಳಾಗದಂಗ ಇಟ್ಟ. ಹೊಳ್ಳಿ ನಡದ.

ಮೂರನೇ ದಿನ ಬೇವಿನ ಗಿಡದ ಕಟ್ಟಿ. ಅಲ್ಲಿ ಆರೇಳು ಹಿರೇರು ಕುಂತಿರ್ತಿದ್ರು, ಎಲಿ ಅಡಕಿ ಹಾಕ್ಕೊಂಡು. ಇವರು ಬ್ಯಾಡ ಅನ್ನಲಿಲ್ಲ. "ಬಾರಪಾ ರಾಚಪ್ಪ, ಕುಂದ್ರು" ಅಂತ ಜಾಗ ಬಿಟ್ಟು ಸರದ್ರು. ಫಕೀರವ್ವಗ ಉಸರು ಬಂತು. ದೇವರ ದಯ ಅಂದ್ಲು, ತಾನೂ ಕೆಳಗ ಒಂದು ಕಲ್ಲಿನ ಮ್ಯಾಲ ಕುಂತ್ಲು.

ಒಬ್ಬ ಹಿರ್ಯಾ ಕೆಮ್ಮಿದ. "ಹೊತ್ತಾತು, ದನಕ್ಕ ನೀರು ಕುಡಿಸಬೇಕು" ಅಂತ ಎದ್ದು ಹೋದ. ಇನ್ನೊಬ್ಬ ಮೋಡ ನೋಡಿದ. "ಕಾಳು ಹರವಿ ಬಂದೀನಿ" ಅಂತ ಹೋದ. ಮತ್ತೊಬ್ಬ ಚಪ್ಲಿ ಕೈಯಾಗ ಹಿಡಕೊಂಡು ಹೋದ. ಒಂದು ತಾಸಿನ್ಯಾಗ ಕಟ್ಟಿ ಮ್ಯಾಲ ಯಾರುಳದ್ರು? ರಾಚಪ್ಪ ಒಬ್ಬನ.

ಬೈದು ಕಳಿಸಿದ್ರ ತಡಕೋತಿದ್ನೋ ಏನೋ. ಇದನ್ನ ತಡಕೊಳ್ಳಾಕ ಆಗಲಿಲ್ಲ ಅವಗ. ಆವತ್ತು ಮೊದಲನೇ ಸಲ ಬಾಯಿ ಬಿಟ್ಟ.

"ಚಿಗವ್ವಾ, ನಾಳೆ ಬರಬ್ಯಾಡ."

"ಯಾಕೋ ತಮ್ಮಾ?"

"ನಿನ್ನ ಕಾಲು ನೋಯ್ತೈತಿ," ಅಂದ ರಾಚಪ್ಪ. "ನನ್ನ ಸಲುವಾಗಿ ಯಾಕ ನಡಿತಿ?"

ಫಕೀರವ್ವ ತನ್ನ ಎಳಿಯೋ ಕಾಲು ನೋಡಿಕೊಂಡ್ಲು. ಇಪ್ಪತ್ತು ವರ್ಷದಾಗ ಬ್ಯಾನಿಯವರು ಯಾರೂ ಅಕಿ ಕಾಲು ನೋಡಿರಲಿಲ್ಲ. ನೋಡಿದಂವ ಇಂವ, ಮತ್ತ ಇಂವ ಸಾಯಾಕ ಹೊಂಟಾನ.

ವೈದ್ಯನ ಹತ್ರ ಓಡಿದ್ಲು. "ಅಜ್ಜಾರ, ಬ್ಯಾರೆ ಔಷಧ ಕೊಡ್ರಿ. ಬೇರು ಕೊಡ್ರಿ, ಭಸ್ಮ ಕೊಡ್ರಿ, ಏನರ ಕೊಡ್ರಿ."

ಗುರುಪಾದಯ್ಯ ಔಷಧದ ಪೆಟ್ಟಿಗಿ ಅತ್ತ ಸರಿಸಿದ. ಆಮ್ಯಾಲ ಅಂದ: "ಇದಕ್ಕ ಬ್ಯಾರೆ ಔಷಧ ಇಲ್ಲವ್ವ. ಮಂದಿ ಊರಾಗ ಇಲ್ಲಂದ್ರ ನಾ ಎಲ್ಲಿಂದ ಅರದು ಕೊಡ್ಲಿ?"

"ಎಂಬತ್ತು ಮನಿ ಅದಾವಲ್ರಿ ಅಜ್ಜಾರ!"

"ಅದಾವು," ಅಂದ ವೈದ್ಯ. ಅಷ್ಟ ಅಂದ.

ಫಕೀರವ್ವ ಅಂಗಳದಾಗ ಕುಂತು ವಿಚಾರ ಮಾಡಿದ್ಲು. ಈ ಮಂದಿ ಯಾವಾಗ ಹೊರಗ ಬರ್ತಾರ? ಮದುವಿಗೆ ಬರ್ತಾರೇನು? ಕರದೋರು ಅಷ್ಟ ಬರ್ತಾರ. ಹಬ್ಬಕ್ಕ ಬರ್ತಾರೇನು? ತಮ್ಮ ತಮ್ಮ ಮನ್ಯಾಗ ಉಣ್ತಾರ. ಕರೀದ, ಹೇಳದ, ಎಂಬತ್ತು ಮನಿ ಮಂದಿನೂ ಓಡಿ ಬರೋದು ಯಾವುದಕ್ಕ?

ತಿಳೀತಲ್ಲ? ಅಕಿಗೂ ತಿಳೀತು.

ಮರದಿನ ಹೊತ್ತು ಒಂದಾಳೆತ್ತರ ಏರಿತ್ತು. ಫಕೀರವ್ವ ಸೆರಗು ಬಿಚ್ಚಿ, ಎದಿ ಬಡಕೋತ, ಕುಂಟಗಾಲಾಗ ಓಣಿ ಓಣಿ ಓಡಿದ್ಲು. "ರಾಚಪ್ಪ ಹೋದ್ನರ್ಯೋ! ನೀಲಗಾರ ರಾಚಪ್ಪ ನಮ್ಮನ್ನ ಬಿಟ್ಟು ಹೋದ್ನರ್ಯೋ!"

ಬಾಗಲಾ ತೆಗದ್ವು. ಒಂದಲ್ಲ, ಎರಡಲ್ಲ, ಎಂಬತ್ತು ಬಾಗಲಾ ತೆಗದ್ವು. ಒಲಿ ಮ್ಯಾಲಿನ ಗಡಿಗಿ ಇಳಿಸಿ ಬಂದ್ರು. ಮಗ್ಗ ನಿಲ್ಲಿಸಿ ಬಂದ್ರು. ಕಟ್ಟಿ ಹಿರೇರು ಬಿದಿರು ಹೊತ್ಕೊಂಡು ಬಂದ್ರು, ಸಲಿಕಿ ತಂದ್ರು, ಹೂವು ತಂದ್ರು. ರಾಚಪ್ಪನ ಅಂಗಳದಾಗ ಕಾಲಿಡಾಕ ಜಾಗ ಇರಲಿಲ್ಲ.

ಸಾಂತವ್ವ ನೆಲಕ್ಕ ಕುಂತು ಹಾಡ್ಯಾಡಿ ಅತ್ಲು. "ನನ್ನ ಮಗಳ ಸೀರಿಗೆ ಮುಗಿಲಿನ ಬಣ್ಣ ಹಾಕಿದ್ಯೋ ನನ್ನಪ್ಪಾ! ಒಂದು ಲಡಿ ನೂಲು ಹೆಚ್ಚಿಗಿ ಬಂದ್ರ ಹೊಳ್ಳಿ ತಂದು ಕೊಡ್ತಿದ್ಯೋ ನನ್ನಪ್ಪಾ!" ಅಡಿವೆಪ್ಪ ತಾಳ ತೆಗದು ಹಾಡಾಕ ಹತ್ತಿದ, ಹಾಡ್ತಾ ಹಾಡ್ತಾ ದನಿ ಒಡೀತು. ಕಟ್ಟಿ ಹಿರ್ಯಾ ಒಬ್ಬ ಕಣ್ಣು ಒರಸ್ಕೊಂಡು, "ಕಲ್ಲವ್ವನ್ನ ಹೆಂಗ ನೋಡ್ಕೋತಿದ್ದ! ಅಂಥಾ ಗಂಡಸು ಹುಟ್ಟಾಂಗಿಲ್ಲ" ಅಂದ. ಸುಳ್ಳ ಅಳು ಅಲ್ರಿ ಅದು. ಖರೇ ಅಳು. ನಾ ಅದನ್ನ ಹೇಳಲೇಬೇಕು.

ಒಳಗ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ದಂವ ಎಲ್ಲಾ ಕೇಳಿದ. ಎದ್ದ. ಗ್ವಾಡಿ ಹಿಡಕೊಂಡು ಹಿಡಕೊಂಡು ಬಾಗಲಿಗೆ ಬಂದು ನಿಂತ.

ಅಳು ನಿಂತಿತು. ತಾಳ ನಿಂತಿತು. ಸಾಂತವ್ವ ಎತ್ತಿದ ಕೈ ಹಂಗ ನಿಂತಿತು.

"ಯಾರು ಹೋದ್ರು?" ಅಂದ ರಾಚಪ್ಪ.

ಹೆದರಿದೋರು ಹಿಂದ ಸರದ್ರು. ಆಮ್ಯಾಲ ಒಬ್ಬೊಬ್ಬರ ಕಣ್ಣು ಫಕೀರವ್ವನ ಕಡೆ ಹೊಳ್ಳಿತು.

"ಇಂವ ಸತ್ತಿಲ್ಲಂದ್ರ ನಮ್ಮನ್ಯಾಕ ಕರದಿ?" ಅಂತ ಒದರಿದ ಅಡಿವೆಪ್ಪ.

"ಸತ್ತಮ್ಯಾಲ ಬರಾವ್ರು, ಜೀವ ಇದ್ದಾಗ ಬಂದ್ರ ಇಂವ ಉಳೀತಾನ್ರಿ," ಅಂದ್ಲು ಫಕೀರವ್ವ. ಕೈ ಮುಗದ್ಲು. "ಬಂದೀರಿ, ಕುಂತೀರಿ, ಅತ್ತೀರಿ. ಇನ್ನೊಂದು ತಾಸು ಕುಂದರ್ರಿ. ಅವನ ಕೂಡ ಒಂದು ಮಾತಾಡಿ ಹೋಗ್ರಿ."

"ಮದುವಿ ಮನಿಯಾಕಿ ನಾನು!" ಅಂತ ಸಾಂತವ್ವ ಎದ್ಲು. "ನನ್ನ ಕೈಲೆ ಸಾವಿನ ಅಳು ಅಳಿಸಿದಿ. ನಿನ್ನ ಬಾಯಿಗೆ ಹುಳ ಬೀಳ್ಲಿ." ಹಿರೇರು ಬಿದಿರು ಹೊತ್ಕೊಂಡು ಹೊಳ್ಳಿ ಹೊಂಟ್ರು. ತಂದ ಹೂವು ಅಂಗಳದಾಗ ಬಿಟ್ಟು ಹೋದ್ರು, ಸಾವಿನ ಹೂವು ಮನಿಗೆ ಒಯ್ಯಬಾರದಲ್ಲ. ಹೋಗ್ತಾ ಎಲ್ಲಾರೂ ಬಾವಿಗೆ ಹೋಗಿ ತಲಿ ಮ್ಯಾಲ ನೀರು ಸುರಕೊಂಡ್ರು, ತಮ್ಮ ತಮ್ಮ ಬಾವಿಗೆ.

ಅಂಗಳ ಖಾಲಿ ಆತು. ಫಕೀರವ್ವ ನೆಲಕ್ಕ ಕುಂತ್ಲು. ಇಂವ ಈಗ ಬೈತಾನ ಅಂತ ಕಾಯ್ದ್ಲು. ರಾಚಪ್ಪ ಬೈಲಿಲ್ಲ.

"ಚಿಗವ್ವಾ, ಅವರು ಅತ್ತಿದ್ದು ಖರೇನ ಏನು?"

"ಖರೇ, ತಮ್ಮಾ. ನನ್ನಾಣಿ ಖರೇ."

"ಸಾಂತವ್ವಕ್ಕಗ ಆ ಲಡಿ ನೂಲು ಇನ್ನೂ ನೆನಪೈತಿ," ಅಂದ. ಅವನ ಮಾರಿ ಮ್ಯಾಲ ಒಂದು ಬೆಳಕು ಬಂದು ಹೋದಂಗ ಆತು. ಆವತ್ತು ಅರ್ಧ ರೊಟ್ಟಿ ಉಂಡ. ಫಕೀರವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ಲು. ಗೆದ್ದೆ ಅಂದ್ಲು.

ಗೆದ್ಲೇನು? ಕೇಳ್ರಿ.

ಮರದಿನ ರಾಚಪ್ಪ ತಾನ ಎದ್ದು ಅಂಗಳ ಕಸ ಹೊಡದ. ಕೊಳತ ಹರವಿ ಹೊರಗ ಚೆಲ್ಲಿ ತೊಳದ. ಚಾಪಿ ಹಾಸಿದ, ಒಂದಲ್ಲ, ಮೂರು ಚಾಪಿ. ಕುಡಿಯೋ ನೀರಿನ ಕೊಡ ತಂದಿಟ್ಟ. "ಸಿಟ್ಟಾಗಿ ಹೋಗ್ಯಾರ ಚಿಗವ್ವಾ. ಸಿಟ್ಟು ಇಳದ ಮ್ಯಾಲ ಬರ್ತಾರ. ಅತ್ತೋರು ಬರದ ಇರ್ತಾರೇನು?" ಅಂದ. ಬಾಗಲಾಗ ಕುಂತು ದಾರಿ ನೋಡಿದ. ಯಾರೂ ಬರಲಿಲ್ಲ.

ಎರಡನೇ ದಿನ ಕಸ ಹೊಡದ, ಚಾಪಿ ಹಾಸಿದ, ನೀರಿಟ್ಟ. ಅಡಿವೆಪ್ಪ ಓಣ್ಯಾಗ ಬಂದ. ರಾಚಪ್ಪ ಎದ್ದು ನಿಂತ. ಅಡಿವೆಪ್ಪ ತಲಿ ತಗ್ಗಿಸಿ ದಾಟಿ ಹೋದ. ಸತ್ತಾನಂತ ಹಾಡಿ ಕಳಿಸಿದವನ ಮಾರಿ ಹೆಂಗ ನೋಡಬೇಕು? ಅವಗೂ ನಾಚಿಕಿ. ಊರಿಗೆಲ್ಲ ನಾಚಿಕಿ.

ಮೂರನೇ ದಿನ ಚಾಪಿ ಹಾಸಲಿಲ್ಲ. ಫಕೀರವ್ವ ರೊಟ್ಟಿ ತಂದ್ಲು. ಒಲ್ಲೆ ಅಂದ.

"ಒಂದು ತುತ್ತು ಉಣ್ಣೋ ನನ್ನಪ್ಪಾ."

"ಅವರಿಗೆ ನನ್ನ ಮ್ಯಾಲ ಮಾಯೆ, ಮಮತಿ ಐತಿ ಚಿಗವ್ವಾ," ಅಂದ ರಾಚಪ್ಪ. "ಐತಿ. ನಾ ಕಿವಿಯಾರೆ ಕೇಳೀನಿ. ನಾ ಹೋದ್ರ ಅದು ಹೊರಗ ಬರ್ತೈತಿ. ಇದ್ರ ಬರಾಂಗಿಲ್ಲ." ಹೇಳಿ, ಗ್ವಾಡಿ ಕಡೆ ಮಾರಿ ಮಾಡಿದ.

ನೋಡ್ರಿ, ಅಕಿ ಕೊಟ್ಟ ಔಷಧ ಎಲ್ಲಿ ಮುಟ್ಟಿತು ಅಂತ! ಮೊದಲು ತನಗ ಯಾರೂ ಇಲ್ಲ ಅನ್ಕೊಂಡು ಮಲಗಿದ್ದ. ಈಗ ಎಲ್ಲಾರೂ ಇದ್ದೂ ಬರಾಂಗಿಲ್ಲ ಅಂತ ತಿಳಕೊಂಡು ಮಲಗಿದ. ಫಕೀರವ್ವ ಅವನ ಕಾಲ ಹತ್ರ ಕುಂತ್ಲು. ಹೆಂಗಸೊಬ್ಬಾಕಿ, ಮುದುಕಿ, ಎಷ್ಟು ಮಂದಿ ಆಗ್ತಾಳ? ಅಕಿ ಮಾತಾಡಿದ್ಲು, ಮಾತಾಡಿದ್ಲು, ನಾಲಿಗಿ ಒಣಗೋ ತನಕ ಮಾತಾಡಿದ್ಲು. ಐದನೇ ದಿನ ಮುಂಜಾನಿ ಮಾತಾಡ್ತಾ ಮಾತಾಡ್ತಾ ಕಾಲು ಮುಟ್ಟಿದ್ಲು. ತಣ್ಣಗಿತ್ತು.

ಹ್ಞೂಂ ಅನ್ರೆಪ್ಪಾ. ಯಾಕ ಸುಮ್ನಾದ್ರಿ?

ಎದ್ದು ಓಣಿಗೆ ಬಂದ್ಲು. "ರಾಚಪ್ಪ ಹೋದ್ನರ್ಯೋ!" ಅಂದ್ಲು. ಒಂದು ಬಾಗಲಾ ತೆಗೀಲಿಲ್ಲ. ಸಾಂತವ್ವ ಗ್ವಾಡಿ ಆ ಕಡಿಂದ, "ಒಮ್ಮೆ ಅಳಿಸಿದಿ, ಸಾಕು ಹೋಗ" ಅಂದ್ಲು. ಕಟ್ಟಿ ಹಿರೇರು ನಕ್ರು. "ಈ ಸಲ ಎಷ್ಟೊತ್ತಿಗೆ ಎದ್ದು ಬರ್ತಾನವ್ವಾ?" ಅಂದ್ರು. ಅಕಿ ಕಾಲಿಗೆ ಬಿದ್ಲು, ಆಣಿ ಮಾಡಿದ್ಲು, ಎದಿ ಬಡಕೊಂಡ್ಲು. ಅವತ್ತು ಬಡಕೊಂಡಾಗ ಸುಳ್ಳಿತ್ತು, ಎಲ್ಲಾರೂ ನಂಬಿದ್ರು. ಇವತ್ತು ಖರೇ, ಯಾರೂ ನಂಬವಲ್ರು.

ಮಧ್ಯಾಹ್ನ ಆತು. ಹೊತ್ತು ವಾಲಿತು. ಮಣ್ಣು ಮಾಡಬೇಕು. ಹೆಗಲು ನಾಕು ಬೇಕು. ವೈದ್ಯನ ಹೆಗಲು ಮುಪ್ಪಾಗೈತಿ, ಅಕಿ ಕಾಲು ಕುಂಟು. ಏನು ಮಾಡ್ತಾಳ?

ಕಣ್ಣು ಒರಸ್ಕೊಂಡ್ಲು. ಮಾರಿ ತೊಳಕೊಂಡ್ಲು. ಕೂದಲಾ ಬಾಚಿ, ಸೆರಗು ಹೊದ್ದು, ಮಾರಿ ಮ್ಯಾಲ ಒಂದು ನಗು ಕೂಡ್ರಿಸಿಕೊಂಡ್ಲು. ಆ ನಗು ಕೂಡ್ರಸಾಕ ಅಕಿಗೆ ಎಷ್ಟು ಹೊತ್ತು ಹಿಡೀತೋ ನಾ ಹೇಳಲಾರೆ. ಹೊಳ್ಳಿ ಓಣಿಗೆ ಬಂದ್ಲು.

"ಎಕ್ಕಾ ಸಾಂತವ್ವಕ್ಕಾ, ರಾಚಪ್ಪ ಆರಾಮಾಗ್ಯಾನ! ಹೊಸ ನೀಲಿ ಕಲಸ್ಯಾನ. ಮದುವಿ ನೂಲು ತಂದು ಕೊಡ್ರಿ ಅಂದಾನ. ಲಗೂ ಬರ್ರಿ!"

ಬಾಗಲಾ ತೆಗೀತು. ಒಂದು, ಎರಡು, ಹತ್ತು, ಎಂಬತ್ತು. ಅಂವ ಮಲಗಿದಾಗಿಂದ ನೂಲು ಬಿಳೇದ ಬಿದ್ದಿತ್ತಲ್ಲ. ನೇಕಾರರು ಎದಿ ತುಂಬ ಲಡಿ ಹೊತ್ಕೊಂಡು ನಕ್ಕೋತ ಬಂದ್ರು. ಅಡಿವೆಪ್ಪ, "ಆರಾಮಾದ್ನಾ? ಚಲೋ ಆತು, ನಾ ಹೇಳಿದ್ನಲ್ಲ" ಅಂತ ಬಂದ. ಕಟ್ಟಿ ಹಿರೇರು ಬಣ್ಣ ಮಾಸಿದ ಉಡೋ ಪಂಜಿ ತಂದ್ರು, ಹೊಳ್ಳಿ ನೀಲಿ ಹಾಕಿಸ್ಕೊಳ್ಳಾಕ. ಅಂಗಳದಾಗ ಕಾಲಿಡಾಕ ಜಾಗ ಇರಲಿಲ್ಲ.

ಫಕೀರವ್ವ ಬಾಗಲಾ ಸರಿಸಿದ್ಲು.

ಯಾರೂ ಅಳಲಿಲ್ಲ. ಅಳು ಮೊದಲ ಖರ್ಚಾಗಿತ್ತು. ಸಾಂತವ್ವನ ಕೈಯಾಗಿಂದ ಲಡಿ ಜಾರಿ ಬಿದ್ವು, ಅಕಿ ಎತ್ತಿಕೊಳ್ಳಲಿಲ್ಲ. ಫಕೀರವ್ವಗ ಒಬ್ಬರೂ ಬೈಲಿಲ್ಲ. ನಾಕು ಮಂದಿ ಮುಂದ ಬಂದ್ರು, ಹೆಗಲು ಕೊಟ್ರು. ಹೊತ್ತು ಮುಳುಗೋದ್ರಾಗ ಕಲ್ಲವ್ವನ ಮಗ್ಗಲಾಗ ರಾಚಪ್ಪನ್ನ ಇಟ್ಟು ಮಣ್ಣು ಎಳದು ಬಂದ್ರು.

ಇಲ್ಲಿಗೆ ಮುಗೀತು ಅಂತೀರಿ. ಇನ್ನೊಂದೀಟು ಐತಿ.

ಎಂಟು ದಿನ ಆದಮ್ಯಾಲ ವೈದ್ಯನ ಅಂಗಳಕ್ಕ ಒಬ್ಬಾಕಿ ಬಂದ್ಲು. ಮಾರಿ ಬತ್ತಿ ಹೋಗಿತ್ತು. ಯಾರು? ಸಾಂತವ್ವ. "ತುತ್ತು ಇಳೀವಲ್ದ್ರಿ ಅಜ್ಜಾರ. ಕಣ್ಣು ಮುಚ್ಚಿದ್ರ ಅಂವ ಬಾಗಲಾಗ ನಿಂತಂಗ ಆಕ್ಕೈತಿ. ಮನ್ಯಾಗ ಮದುವಿ ಗದ್ದಲ, ಯಾರ ಮುಂದ ಹೇಳ್ಲಿ?"

ಗುರುಪಾದಯ್ಯ ನಾಡಿ ಹಿಡದ. ಮೂರು ಮಾತು ಕೇಳಿದ. ಮೂರನೇದಕ್ಕ ಸಾಂತವ್ವ ತಲಿ ತಗ್ಗಿಸಿದ್ಲು. ವೈದ್ಯ ಪೆಟ್ಟಿಗಿ ಮುಚ್ಚಿದ. "ಏ ಫಕೀರವ್ವಾ," ಅಂದ.

ಫಕೀರವ್ವ ಕಸಬರಿಗಿ ಕೆಳಗಿಟ್ಟು ಎದ್ದು ಬಂದ್ಲು. ಒಲ್ಲೆ ಅಂತಾಳ ಅನ್ಕೊಂಡಿದ್ಲು ಸಾಂತವ್ವ. ಅಕಿ ಒಲ್ಲೆ ಅನ್ನಲಿಲ್ಲ. ಕೈ ಹಿಡದ್ಲು. "ಬಾ ಎಕ್ಕಾ" ಅಂದ್ಲು. ಇಬ್ಬರೂ ಅಂಗಳ ದಾಟಿದ್ರು, ಓಣಿ ದಾಟಿದ್ರು, ಮೂರು ದಾರಿ ಕೂಡೋ ಜಾಗಕ್ಕ ಬಂದ್ರು. ಫಕೀರವ್ವ ಎಡಕ್ಕ ನೋಡಿದ್ಲು. ಬಲಕ್ಕ ನೋಡಿದ್ಲು. ಮುಂದ ನೋಡಿದ್ಲು. ಎಂಬತ್ತು ಮನಿ, ಎಂಬತ್ತು ಬಾಗಲಾ, ಎಲ್ಲಾ ಹಾಕಿದ್ವು.

"ಯಾರ ಮನಿಗೆ ಹೋಗೋಣೆವ್ವಾ?" ಅಂದ್ಲು ಸಾಂತವ್ವ.

ಫಕೀರವ್ವಗ ಹೇಳಾಕ ಒಂದು ಹೆಸರೂ ಬಾಯಿಗೆ ಬರಲಿಲ್ಲ. ಹಿಡದ ಕೈ ಬಿಡಲಿಲ್ಲ, ಅಷ್ಟ.

ಅವರಿಬ್ಬರೂ ಆ ದಾರ್ಯಾಗ ನಿಂತ್ರು. ಹೊತ್ತು ಏರಿತು, ಅವರು ನಿಂತ ಇದ್ರು. ನನ್ನ ಕತಿ ಅವರನ್ನ ದಾಟಿ ಮುಂದ ಹೋಗಾಕ ಒಲ್ಲದು, ನಾನೂ ಅದನ್ನ ಎಳಿಯಾಕ ಒಲ್ಲೆ. ನಾ ಹೇಳೂದು ಹೇಳೀನಿ, ನೀವು ಕೇಳೂದು ಕೇಳೀರಿ. ಏಳ್ರಿ, ಮಗ್ಗಲಾಗ ಕುಂತೋರನ್ನ ಎಬ್ಬಿಸಿಕೊಂಡು ಏಳ್ರಿ.